ಹಳೇ ರಿವಾಲ್ವರಿಗೆ ಬೆಲೆ ಕಟ್ಟುವುದು ಹೇಗೆ: ಮೊದಲು ನಂಬರ್, ಆಮೇಲೆ ನಳಿಗೆ, ಹೊಳಪು ಕೊನೆಗೆ

ಹೋದ ವರ್ಷ ನಮ್ಮ ಭಾವನವರಿಗೆ ರಿವಾಲ್ವರ್ ಲೈಸೆನ್ಸ್ ಸಿಕ್ಕಿತು. ಅರ್ಜಿ ಹಾಕಿ ಕಾದು ಕಾದು ಸುಸ್ತಾಗಿದ್ದ ಮನುಷ್ಯ. ಸಿಕ್ಕಿದ ವಾರದಲ್ಲೇ ಒಂದು ಕೋವಿ ಅಂಗಡಿಗೆ ಹೋಗಿ, ಹಳೇ ಇಂಗ್ಲಿಷ್ ರಿವಾಲ್ವರ್ ಒಂದನ್ನು ನೋಡಿಕೊಂಡು ಬಂದರು. "ಕನ್ನಡಿ ಕಣೋ, ಮುಖ ಕಾಣ್ತದೆ" ಅಂದರು. ಅಂಗಡಿಯವರು ಹೇಳಿದ ಬೆಲೆಗೆ ಒಂದು ಸೆಕೆಂಡ್ ಹ್ಯಾಂಡ್ ಕಾರೇ ಬರುತ್ತಿತ್ತು.

ಮಾರನೇ ದಿನ ನಾನೂ ಹೋದೆ. ಹೊಳಪು ನಿಜ. ಆದರೆ ಟಾರ್ಚ್ ಹಿಡಿದು ನೋಡಿದರೆ ಕಂಪನಿಯ ಹೆಸರು ನಾಲ್ಕು ಸ್ನಾನ ಕಂಡ ಸೋಪಿನ ಮೇಲಿನ ಅಕ್ಷರದ ಹಾಗೆ ಕರಗಿತ್ತು. ಮೈಮೇಲೆ ಒಂದು ನಂಬರ್, ಸಿಲಿಂಡರಿನ (ತೋಟಾ ಕೂರುವ ಕೋಣೆಗಳಿರುವ, ತಿರುಗುವ ಉರುಳೆ) ಮೇಲೆ ಇನ್ನೊಂದು ನಂಬರ್. ಟೀ ಕುಡಿದು ವಾಪಸ್ ಬಂದೆವು.

ಅವತ್ತು ಕಾರಿನಲ್ಲಿ ಭಾವನವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕೋವಿ ರಿಪೇರಿಯವನಲ್ಲ. ಮನೆಯಲ್ಲಿ ಅಪ್ಪನ ಕಾಲದಿಂದ ಲೈಸೆನ್ಸ್ ಇದೆ. ಒಮ್ಮೆ ಮೋಸವೂ ಹೋಗಿದ್ದೇನೆ. ಇಷ್ಟೇ ನನ್ನ ಅರ್ಹತೆ.

ಕಾಗದ ನೋಡದೆ ಕೈ ಹಾಕಬೇಡಿ

ಬೇರೆ ಹಳೇ ಸಾಮಾನಿಗೂ ರಿವಾಲ್ವರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಕಾಗದ ಸರಿ ಇಲ್ಲದ ರಿವಾಲ್ವರ್ ಎಷ್ಟೇ ಚೆನ್ನಾಗಿದ್ದರೂ ಅದರ ಬೆಲೆ ಸೊನ್ನೆ. ಸೊನ್ನೆಗಿಂತ ಕೆಳಗೆ ಅಂದರೂ ಸರಿ, ಯಾಕಂದ್ರೆ ಜೊತೆಗೆ ಕೇಸೂ ಬರುತ್ತದೆ.

ಮೊದಲನೆಯದು ಅಳತೆ, ಅಂದರೆ ನಳಿಗೆಯ ತೂತಿನ ಅಗಲ. ನಮ್ಮ 1959ರ ಆಯುಧ ಕಾಯ್ದೆಯ ಪ್ರಕಾರ .38 ಮತ್ತು .455 ಅಳತೆಯ ರಿವಾಲ್ವರುಗಳು ಸಾಮಾನ್ಯ ಲೈಸೆನ್ಸಿಗೆ ಬರುವುದಿಲ್ಲ. ಅವು ನಿಷೇಧಿತ ಬೋರ್. ತಾತ ಮಿಲಿಟರಿಯಿಂದ ತಂದದ್ದು ಅಂತ ಯಾರಾದರೂ ದೊಡ್ಡ ವೆಬ್ಲಿ (ಇಂಗ್ಲೆಂಡಿನ ಕಂಪನಿಯ ರಿವಾಲ್ವರ್) ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಹಾಗಾಗಿಯೇ ನಮ್ಮ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಹೆಚ್ಚುಕಮ್ಮಿ ಪೂರ್ತಿ .32ರ ಸುತ್ತಲೇ ತಿರುಗುತ್ತದೆ.

ಎರಡನೆಯದು ನಂಬರ್. ತಯಾರಕರ ಹೆಸರು, ನಂಬರ್ ಅಥವಾ ಗುರುತು ಇಲ್ಲದ ಬಂದೂಕನ್ನು ಮಾರುವುದೇ ಅಪರಾಧ. ಅದನ್ನು ಉಜ್ಜಿ ಅಳಿಸುವುದು, ತಿದ್ದುವುದು ಕೂಡ ಅಪರಾಧ. ಮಾರುವವರ ಲೈಸೆನ್ಸ್ ಪುಸ್ತಕ ಕೇಳಿ. ಅದರಲ್ಲಿ ಬರೆದ ನಂಬರನ್ನೂ ಲೋಹದ ಮೇಲಿನ ನಂಬರನ್ನೂ ಒಂದೊಂದೇ ಅಂಕಿಯಾಗಿ ಓದಿ. ಗಟ್ಟಿಯಾಗಿ ಓದಿದರೆ ಒಳ್ಳೇದು. ಹಳೇ ಪುಸ್ತಕಗಳಲ್ಲಿ 3 ಇದ್ದದ್ದು 8 ಆಗಿರುತ್ತದೆ, ಮುಂದಿನ ಅಕ್ಷರ ಬಿಟ್ಟುಹೋಗಿರುತ್ತದೆ. ಬರೆಯುವವರ ಕೈತಪ್ಪೇ ಇರಬಹುದು. ಆದರೂ ಅದನ್ನು ಸರಿ ಮಾಡಿಸಬೇಕಾದವರು ಮಾರುವವರು, ನೀವಲ್ಲ. "ತಗೊಳ್ಳಿ, ಆಮೇಲೆ ಮಾಡಿಸಿಕೊಡ್ತೀನಿ" ಅನ್ನುವ ಮಾತಿಗೆ ಒಪ್ಪಬೇಡಿ.

ಮೂರನೆಯದು ನಿಮ್ಮ ಕಡೆಯ ಲೆಕ್ಕ. 2019ರ ತಿದ್ದುಪಡಿ ಆದಮೇಲೆ ಒಬ್ಬರಿಗೆ ಎರಡೇ ಬಂದೂಕು. ಮೊದಲು ಮೂರಕ್ಕೆ ಅವಕಾಶ ಇತ್ತು. ಮೂರಿದ್ದವರು ಒಂದು ವರ್ಷದೊಳಗೆ ಒಂದನ್ನು ಠಾಣೆಯಲ್ಲೋ ಡೀಲರ್ ಹತ್ತಿರವೋ ಇಡಬೇಕಾಯಿತು. ಹಾಗೆ ಇಟ್ಟ ಕೋವಿಗಳ ಪೈಕಿ ಒಳ್ಳೆಯವೂ ಇರುತ್ತವೆ, ಕೇಳಿ ನೋಡಿ.

ಯಜಮಾನರು ತೀರಿಕೊಂಡ ಮನೆಯ ರಿವಾಲ್ವರ್ ಆದರೆ ಇನ್ನಷ್ಟು ಜಾಗ್ರತೆ ಬೇಕು. ಲೈಸೆನ್ಸ್ ಅವರ ಹೆಸರಲ್ಲಿತ್ತು, ಅವರ ಜೊತೆಗೇ ಮುಗಿಯಿತು. ಮನೆಯವರು ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಜಮಾ ಮಾಡಿರಬೇಕು. ಬೀರುವಿನಿಂದ ತೆಗೆದು ತೋರಿಸಿದರೆ ಮುಟ್ಟಲೂ ಬೇಡಿ. ಮೊದಲು ಜಮಾ ಮಾಡಿ ಅಂತ ಹೇಳಿ, ಆಮೇಲೆ ವ್ಯವಹಾರ.

ಕೊಡಗಿನ ಓದುಗರಿಗೆ ಒಂದು ಮಾತು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್ ತನಕ ಮುಂದುವರಿದಿದೆ. ನಿಮ್ಮ ವಿನಾಯಿತಿ ಪತ್ರಕ್ಕೆ ಯಾವ ಬಗೆಯ ಕೋವಿ ಬರುತ್ತದೆ ಅನ್ನುವುದನ್ನು ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕೊಡಗಿನ ಹೊರಗೆ ಮಾರುವುದಾದರೆ ಕೊಳ್ಳುವವರ ಹತ್ತಿರ ಲೈಸೆನ್ಸ್ ಇರಲೇಬೇಕು.

ಹೆಸರು ಓದುವುದೂ ಒಂದು ವಿದ್ಯೆ

ನಳಿಗೆಯ ಮೇಲೆ ಸ್ಮಿತ್ ಅಂಡ್ ವೆಸನ್ ಅಂತ ಕಂಡ ತಕ್ಷಣ ಕಣ್ಣರಳಿಸಬೇಡಿ. .32ರ ತೋಟಾದ ಹೆಸರೇ ಸ್ಮಿತ್ ಅಂಡ್ ವೆಸನ್. ಬೇರೆ ಯಾವುದೋ ಕಂಪನಿ ಮಾಡಿದ ರಿವಾಲ್ವರಿನ ಮೇಲೂ ಆ ಹೆಸರು ಇರುತ್ತದೆ. ಅದು ಯಾವ ತೋಟಾ ಹಾಕಬೇಕು ಅಂತ ಹೇಳುತ್ತದೆಯೇ ಹೊರತು ಯಾರು ಮಾಡಿದರು ಅಂತಲ್ಲ. ಸ್ಪೇನಿನ ಐಬಾರ್ ಊರಿನಲ್ಲಿ ಒಂದು ಕಾಲಕ್ಕೆ ಅಮೆರಿಕದ ರಿವಾಲ್ವರುಗಳ ನಕಲು ರಾಶಿ ರಾಶಿ ತಯಾರಾಗುತ್ತಿತ್ತು. ಅವುಗಳ ಮೇಲೆ ತೋಟಾದ ಹೆಸರೇ ದಪ್ಪಕ್ಷರದಲ್ಲಿ, ಮಾಡಿದವರ ಹೆಸರು ಮೂಲೆಯಲ್ಲಿ. ನಾನು ಮೋಸ ಹೋದದ್ದು ಇಲ್ಲೇ. ಅಸಲಿ ಅಂತ ಅಸಲಿ ಬೆಲೆ ಕೊಟ್ಟೆ. ಮಾರಿದ ಅಂಗಡಿಯವರಿಗೂ ಗೊತ್ತಿರಲಿಲ್ಲವೋ ಏನೋ, ಈಗ ಕೇಳಿ ಪ್ರಯೋಜನ ಇಲ್ಲ.

ಅಸಲಿ ಸ್ಮಿತ್ ಅಂಡ್ ವೆಸನ್ ಆದರೆ ಸಿಲಿಂಡರ್ ತೆರೆಯುವ ಗುಂಡಿಯನ್ನು ಮುಂದಕ್ಕೆ ತಳ್ಳಬೇಕು, ಹಾರಿಸುವಾಗ ಸಿಲಿಂಡರ್ ಸುತ್ತುವುದು ಎಡಕ್ಕೆ. ಕೋಲ್ಟ್ ಆದರೆ ಗುಂಡಿಯನ್ನು ಹಿಂದಕ್ಕೆ ಎಳೆಯಬೇಕು, ಸುತ್ತುವುದು ಬಲಕ್ಕೆ. ಸ್ಮಿತ್ ಅಂಡ್ ವೆಸನ್‌ನವರು 1957ರಿಂದ ಮಾಡೆಲ್ ನಂಬರನ್ನು ಸಿಲಿಂಡರ್ ಹೊರಕ್ಕೆ ತೆಗೆದಾಗ ಕಾಣುವ ಸಂದಿನಲ್ಲಿ ಒತ್ತಲು ಶುರು ಮಾಡಿದರು. ಸಿಲಿಂಡರ್ ತೆಗೆದು ಅಲ್ಲಿ ಇಣುಕಿ ನೋಡಿ. ಅವರ ಹಳೇ ರಿವಾಲ್ವರುಗಳಲ್ಲಿ ಹಿಡಿಯ ಬುಡದಲ್ಲಿರುವ ನಂಬರೇ ಸಿಲಿಂಡರಿನ ಮೇಲೂ ನಳಿಗೆಯ ಅಡಿಯಲ್ಲೂ ಇರುತ್ತದೆ. ಎಲ್ಲ ಒಂದೇ ಆಗಿದ್ದರೆ ಅದು ಹುಟ್ಟಿದ ಹಾಗೇ ಉಳಿದಿದೆ ಅಂತ ಅರ್ಥ.

ವೆಬ್ಲಿ ಅಂದರೂ ಈಗ ಎರಡು ಅರ್ಥ. ಹಳೆಯದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನದು. ಅದರ ಮೇಲೆ ಕಿರೀಟದ ಚಿಹ್ನೆಯ ಪ್ರೂಫ್ ಮುದ್ರೆ (ಪರೀಕ್ಷೆ ಮಾಡಿ ಒತ್ತಿದ ಗುರುತು) ಇರುತ್ತದೆ. ಇತ್ತೀಚೆಗೆ ಅದೇ ಹೆಸರಿನಲ್ಲಿ ಉತ್ತರ ಪ್ರದೇಶದ ಸಂಡೀಲಾದಲ್ಲೂ .32 ರಿವಾಲ್ವರ್ ತಯಾರಾಗುತ್ತಿದೆ. ಹೊಸದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಬರ್ಮಿಂಗ್‌ಹ್ಯಾಮ್ ಬೆಲೆ ಕೊಟ್ಟು ಸಂಡೀಲಾದ್ದು ತರಬಾರದು, ಅಲ್ವಾ?

ಇನ್ನು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32. ಅದು ವೆಬ್ಲಿ ಮಾರ್ಕ್ 4ರ ಜಾಡಿನಲ್ಲೇ ಮಾಡಿದ್ದು, ನಡು ಮುರಿದು (ಕೀಲಿನಲ್ಲಿ ಬಗ್ಗಿಸಿ) ತೋಟಾ ತುಂಬುವ ಆರು ಗುಂಡಿನ ರಿವಾಲ್ವರ್. ನಮ್ಮ ಕಡೆ ಜಾಸ್ತಿ ಸಿಗುವುದೂ ಇದೇ.

ಒಂದು ಅಳತೆಯ ವಿಷಯ ಬಿಟ್ಟರೆ ತಪ್ಪಾಗುತ್ತದೆ. .32 ಅಂದರೆ ಒಂದೇ ತೋಟಾ ಅಲ್ಲ. 1878ರ ಗಿಡ್ಡ ತೋಟಾದ ಕೊಳವೆ ಸುಮಾರು ಹದಿನೈದೂವರೆ ಮಿಲಿಮೀಟರ್ ಉದ್ದ. 1896ರಲ್ಲಿ ಬಂದ 'ಲಾಂಗ್' ಇಪ್ಪತ್ತಮೂರಕ್ಕೂ ಸ್ವಲ್ಪ ಜಾಸ್ತಿ. ನಮ್ಮ ಸರ್ಕಾರಿ ಕಾರ್ಖಾನೆಯ ರಿವಾಲ್ವರ್ ತೋಟಾ ಲಾಂಗ್. ಐವರ್ ಜಾನ್ಸನ್, ಹ್ಯಾರಿಂಗ್‌ಟನ್ ಅಂಡ್ ರಿಚರ್ಡ್‌ಸನ್ ಅಂತ ಹೆಸರಿರುವ ಹಳೇ ಅಮೆರಿಕನ್ ಪುಟ್ಟ ರಿವಾಲ್ವರುಗಳಲ್ಲಿ ಬಹಳಷ್ಟು ಗಿಡ್ಡ ತೋಟಾಕ್ಕೆ ಮಾಡಿದವು. ಲಾಂಗ್ ಅದಕ್ಕೆ ಹೋಗುವುದಿಲ್ಲ. ಅವುಗಳ ಪೈಕಿ 1900ಕ್ಕೂ ಹಿಂದಿನವು ಕಪ್ಪು ಮದ್ದಿನ ಕಾಲದವು, ಈಗಿನ ಮದ್ದಿನ ಒತ್ತಡಕ್ಕೆ ಆಗಿಬರುವುದಿಲ್ಲ. ಪಿಸ್ತೂಲಿನ .32 ತೋಟಾ ಇನ್ನೂ ಬೇರೆಯೇ. "ಅದೂ ಹಿಡಿಯುತ್ತೆ ಸಾರ್" ಅಂತ ಯಾರಾದರೂ ಹೇಳಿದರೆ ಅವರ ಮಾತನ್ನು ಆಮೇಲೆ ಯಾವುದಕ್ಕೂ ನಂಬಬೇಡಿ. ತೋಟಾ ಸಿಗದ ರಿವಾಲ್ವರ್ ಪೇಪರ್‌ವೇಟ್ ಇದ್ದ ಹಾಗೆ.

ಕೈಗೆ ತಗೊಂಡ ಮೇಲೆ

ಜೊತೆಗೆ ಮೂರು ಸಾಮಾನು ಇರಲಿ: ಸಣ್ಣ ಟಾರ್ಚ್, ಬಿಳಿ ಕಾಗದದ ಚೂರು, ಫೀಲರ್ ಗೇಜ್. ಕೊನೆಯದು ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡುವಾಗ ಸಂದಿಗೆ ತೂರಿಸುತ್ತಾರಲ್ಲ, ಆ ತೆಳು ತಗಡುಗಳ ಗೊಂಚಲು. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ.

ಮೊಟ್ಟಮೊದಲು ಖಾಲಿ ಇದೆಯಾ ಅಂತ ನೋಡಿ. ಅಂಗಡಿಯವರು ಖಾಲಿ ಅಂದಿದ್ದಾರೆ, ಪಕ್ಕದವರು ನೋಡಿದ್ದಾರೆ, ಇದೆಲ್ಲ ಲೆಕ್ಕಕ್ಕಿಲ್ಲ. ನೀವೇ ತೆರೆದು ಆರೂ ಕೋಣೆಗೆ ಬೆರಳು ತೋರಿಸಿ ಎಣಿಸಿ. ಕೆಳಗಿಟ್ಟು ಮತ್ತೆ ಎತ್ತಿದರೆ ಮತ್ತೆ ಎಣಿಸಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು. ಖಾಲಿ ಟ್ರಿಗರ್ ಎಳೆಯುವ ಮೊದಲು ಕೇಳಿ. ಹಳೇ ರಿವಾಲ್ವರಿನ ಹ್ಯಾಮರ್ (ತೋಟಾದ ಹಿಂಬದಿಗೆ ಬಡಿಯುವ ಸುತ್ತಿಗೆ) ಮೂತಿಯ ಪಿನ್ನು ಖಾಲಿ ಹೊಡೆದರೆ ಮುರಿಯುವುದೂ ಉಂಟು. ಡಮ್ಮಿ ತೋಟಾ ಇದ್ದರೆ ಅದನ್ನು ಹಾಕಿಯೇ ನೋಡಿ.

ಈಗ ಮುಖ್ಯ ಪರೀಕ್ಷೆ. ಹ್ಯಾಮರನ್ನು ಹೆಬ್ಬೆರಳಿನಿಂದ ತುಂಬ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ನಮ್ಮಲ್ಲಿ ಹಳಬರು ಇದನ್ನು ಕುದುರೆ ಅನ್ನುತ್ತಾರೆ. ಎಳೆಯುತ್ತಾ ಹೋದ ಹಾಗೆ ಸಿಲಿಂಡರ್ ತಿರುಗಿ ಒಂದು ಕಡೆ ಟಕ್ ಅಂತ ಕೂರಬೇಕು. ಕುದುರೆ ಪೂರ್ತಿ ನಿಲ್ಲುವುದಕ್ಕೆ ಮೊದಲೇ, ತಪ್ಪಿದರೆ ಅದೇ ಹೊತ್ತಿಗೆ, ಆ ಟಕ್ ಕೇಳಿಸಬೇಕು. ಕುದುರೆ ನಿಂತಾಯಿತು, ಸಿಲಿಂಡರ್ ಇನ್ನೂ ಕೂತಿಲ್ಲ, ಬೆರಳಲ್ಲಿ ಸ್ವಲ್ಪ ತಳ್ಳಿದ ಮೇಲೆ ಕೂತಿತು ಅಂದರೆ ಒಳಗಿನ ಭಾಗ ಸವೆದಿದೆ. ಹಾಗೇ ಹಾರಿಸಿದರೆ ಗುಂಡು ನಳಿಗೆಯ ಒಳಕ್ಕೆ ನೇರ ಹೋಗದೆ ಅಂಚು ಸವರಿಕೊಂಡು ಹೋಗುತ್ತದೆ. ಆರೂ ಕೋಣೆಗೆ ಇದನ್ನು ಮಾಡಿ. ಐದು ಸರಿ ಇದ್ದು ಒಂದು ಮಾತ್ರ ತಡವಾಗಿ ಕೂರುವುದು ಬಹಳ ಸಾಮಾನ್ಯ. ಮಾರುವವರು ಆ ಐದರಲ್ಲೇ ತೋರಿಸಿ ಮುಗಿಸುತ್ತಾರೆ. ಎರಡನೇ ಸುತ್ತಿನಲ್ಲಿ ಇನ್ನೊಂದು ಬೆರಳನ್ನು ಸಿಲಿಂಡರಿಗೆ ಹಗುರವಾಗಿ ತಾಗಿಸಿ, ಬ್ರೇಕ್ ಹಾಕಿದ ಹಾಗೆ. ಆಗಲೂ ಸರಿಯಾಗಿ ಕೂತರೆ ಅದು ಗಟ್ಟಿ ಯಂತ್ರ.

ನಂತರ ಟ್ರಿಗರನ್ನು ಪೂರ್ತಿ ಹಿಂದಕ್ಕೆ ಹಿಡಿದುಕೊಂಡೇ, ಕುದುರೆ ಕೆಳಗಿಳಿದಿರುವಾಗ, ಸಿಲಿಂಡರನ್ನು ಎಡಬಲಕ್ಕೆ ಅಲುಗಿಸಿ. ಹಳೇ ಕೋಲ್ಟ್ ಈ ಹೊತ್ತಿನಲ್ಲಿ ಬ್ಯಾಂಕ್ ತಿಜೋರಿಯ ಹಾಗೆ ಬಿಗಿ ಇರಬೇಕು. ಬೇರೆಯವು ಕೂದಲೆಳೆಯಷ್ಟು ಅಲುಗಾಡಿದರೆ ತಪ್ಪಿಲ್ಲ. ಹಾಗೇ ಹಿಂದೆ ಮುಂದೆ ತಳ್ಳಿ ನೋಡಿ. ಕಣ್ಣಿಗೆ ಕಾಣುವಷ್ಟು ಜಾರಿದರೆ ಬೆಲೆ ಇಳಿಸಿ.

ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದಲ್ಲ, ಅಲ್ಲಿ ಫೀಲರ್ ಗೇಜ್ ತೂರಿಸಿ. 0.10ರಿಂದ 0.15 ಮಿಲಿಮೀಟರ್ ಇದ್ದರೆ ಚಿನ್ನ. 0.20 ಪರವಾಗಿಲ್ಲ. 0.25 ದಾಟಿದರೆ ಬಿಸಿ ಗಾಳಿ, ಸೀಸದ ಚೂರು ಪಕ್ಕಕ್ಕೆ ಉಗುಳುತ್ತದೆ. ಅಂಥದ್ದು ನನಗೆ ಬೇಡ.

ಕುದುರೆಯನ್ನು ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹೆಬ್ಬೆರಳಿನಿಂದ ಕುದುರೆಯನ್ನು ಮುಂದಕ್ಕೆ ಮೆತ್ತಗೆ ಒತ್ತಿ. ಜಾರಿ ಬಿದ್ದರೆ ಅಲ್ಲಿಗೆ ಮಾತು ಮುಗಿಯಿತು. ಯಾರೋ ಟ್ರಿಗರ್ ಹಗುರ ಮಾಡಲು ಹೋಗಿ ಒಳಗೆ ಅರ ಹಾಕಿದ್ದಾರೆ. ಕಿಸೆಯಲ್ಲಿ ಇಡಲು ಯೋಗ್ಯವಲ್ಲ.

ನಳಿಗೆ ನೋಡುವಾಗ ಹಿಂಭಾಗಕ್ಕೆ ಬಿಳಿ ಕಾಗದ ಹಿಡಿದು ಟಾರ್ಚ್ ಬಿಡಿ. ಬಾಯಿ ಕಡೆಯಿಂದ ಇಣುಕುವುದು ಸಿಲಿಂಡರ್ ತೆರೆದಿರುವಾಗ ಮಾತ್ರ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ಮಸಿ ಕಂಡರೆ ಬಟ್ಟೆ ಹಾಕಿ ಒರೆಸಿಕೊಡಿ ಅಂತ ಕೇಳಿ, ಕೊಳೆಯೇ ತುಕ್ಕನ್ನು ಮುಚ್ಚಿರುತ್ತದೆ. ಸಿಡುಬಿನ ಕಲೆಯ ಹಾಗೆ ಗುಳಿ ಇದ್ದರೆ ಹಳೇ ಕಾಲದ ತೋಟಾದ ಉಪ್ಪು ತಿಂದಿದೆ. ನಡುವೆ ಉಂಗುರದ ಹಾಗೆ ಕಪ್ಪು ನೆರಳು ಕಂಡರೆ ಒಮ್ಮೆ ಒಳಗೆ ಗುಂಡು ಸಿಕ್ಕಿಹಾಕಿಕೊಂಡು, ಅದರ ಮೇಲೆ ಇನ್ನೊಂದು ಹಾರಿಸಿದ್ದಾರೆ. ಅಲ್ಲಿ ಲೋಹ ಉಬ್ಬಿರುತ್ತದೆ. ಅದನ್ನು ಯಾರೂ ಸರಿ ಮಾಡಲಾರರು.

ನಡು ಮುರಿಯುವ ಜಾತಿ ಆದರೆ ಕೀಲು, ಚಿಲಕ ಎರಡನ್ನೂ ನೋಡಿ. ಮುಚ್ಚಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ಹಳೇ ಬಾಗಿಲಿನ ಹಾಗೆ ಲೊಟಲೊಟ ಅಂದರೆ ಹುಷಾರು. ಸಿಲಿಂಡರ್ ಪಕ್ಕಕ್ಕೆ ಬರುವ ಜಾತಿ ಆದರೆ ಅದನ್ನು ಹಿಡಿದಿರುವ ತೋಳು ಬಾಗಿದೆಯಾ ನೋಡಿ. ಸಿನಿಮಾದಲ್ಲಿ ಹೀರೋ ಮಣಿಕಟ್ಟು ಕುಲುಕಿ ಫಟ್ ಅಂತ ಮುಚ್ಚುತ್ತಾನಲ್ಲ, ಅದನ್ನು ಮನೆಯಲ್ಲಿ ಮಾಡಿದವರ ರಿವಾಲ್ವರ್ ಹೀಗೇ ಹಾಳಾಗುವುದು.

ಮೈಬಣ್ಣ, ಸ್ಕ್ರೂ, ಹಿಡಿ

ಹಳೇ ರಿವಾಲ್ವರಿನ ನೀಲಿ ಬಣ್ಣ ಚರ್ಮದ ಚೀಲಕ್ಕೆ ಉಜ್ಜಿ ಉಜ್ಜಿ ನಳಿಗೆಯ ತುದಿಯಲ್ಲಿ, ಸಿಲಿಂಡರಿನ ಅಂಚಿನಲ್ಲಿ ಮಾಸಿರುತ್ತದೆ. ಇದು ಪ್ರಾಮಾಣಿಕ ಸವೆತ. ನನಗೆ ಇದೇ ಇಷ್ಟ. ಅನುಮಾನ ಪಡಬೇಕಾದ್ದು ಎಲ್ಲೂ ಮಾಸದ ಬಣ್ಣವನ್ನು. ಮತ್ತೆ ಬಣ್ಣ ಕೂರಿಸುವ ಮೊದಲು ಚಕ್ರಕ್ಕೆ ಹಿಡಿದು ಪಾಲಿಶ್ ಮಾಡುತ್ತಾರೆ. ಆಗ ಅಂಚುಗಳು ದುಂಡಗಾಗುತ್ತವೆ, ಅಕ್ಷರ ಕರಗುತ್ತದೆ, ಸ್ಕ್ರೂ ತೂತಿನ ಸುತ್ತ ತಟ್ಟೆಯ ಹಾಗೆ ತಗ್ಗಾಗುತ್ತದೆ. ಸ್ಮಿತ್ ಅಂಡ್ ವೆಸನ್‌ನ ಹಳೇ ರಿವಾಲ್ವರಿನಲ್ಲಿ ಟ್ರಿಗರ್, ಕುದುರೆ ಎರಡೂ ಬೂದಿ-ಕಂದು ಬಣ್ಣ ಹರಡಿದ ಹಾಗೆ ಇರಬೇಕು. ಅವೂ ನೀಲಿಯಾಗಿದ್ದರೆ ಯಾರೋ ಎಲ್ಲವನ್ನೂ ಒಟ್ಟಿಗೆ ಮುಳುಗಿಸಿದ್ದಾರೆ.

ಸ್ಕ್ರೂ ತಲೆ ಕಿತ್ತುಹೋಗಿದೆಯಾ? ಮನೆಯ ಸ್ಕ್ರೂಡ್ರೈವರಿನಲ್ಲಿ ಯಾರೋ ಒಳಗೆ ಕೈ ಹಾಕಿದ್ದಾರೆ ಅಂತ ಲೆಕ್ಕ. ಕುದುರೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ನಮ್ಮ ಮಲೆನಾಡಿನ ರೋಗ ಬೇರೆ. ರಿವಾಲ್ವರನ್ನು ಚರ್ಮದ ಚೀಲದಲ್ಲೇ ಹಾಕಿ ಇಡೀ ಮಳೆಗಾಲ ಬೀರುವಿನಲ್ಲಿ ಬಿಡುತ್ತಾರೆ. ಚರ್ಮ ನೀರು ಹೀರುತ್ತದೆ, ಹದ ಮಾಡಿದ ಉಪ್ಪು ಲೋಹಕ್ಕೆ ಇಳಿಯುತ್ತದೆ. ಚೀಲ ತಾಗುವ ಬದಿಯಲ್ಲಿ ತುಕ್ಕಿನ ಚುಕ್ಕಿ ಸಾಲಾಗಿ ಬಂದಿರುತ್ತವೆ. ಇನ್ನು ಕೆಲವರು ಭಕ್ತಿಯಿಂದ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಅದು ಒಳಗೆ ಅಂಟಾಗಿ, ಚಳಿಗಾಲದಲ್ಲಿ ಗಟ್ಟಿಯಾಗಿ, ಕುದುರೆ ತಡವಾಗಿ ಏಳುತ್ತದೆ. ಇದು ಮಾತ್ರ ಸವೆತವಲ್ಲ, ಬರೀ ಕೊಳೆ. ಚೌಕಾಸಿಗೆ ಒಳ್ಳೇ ನೆಪ. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಜಮಾ ಆಗಿ ಬಂದವುಗಳಲ್ಲೂ ತುಕ್ಕು ಹುಡುಕಿ.

ಹಿಡಿ ಮೂಲದ್ದೇ ಆಗಿದ್ದರೆ ಬೆಲೆ ಜಾಸ್ತಿ. ಆದರೆ ದಂತದ ಹಿಡಿ, ಜಿಂಕೆ ಕೊಂಬಿನ ಹಿಡಿ ಅಂತ ಹೆಮ್ಮೆಯಿಂದ ತೋರಿಸಿದರೆ ಬೆಲೆ ಏರಿಸಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವುಗಳ ವ್ಯಾಪಾರ ನಿಷಿದ್ಧ. ರಿವಾಲ್ವರ್ ಲೈಸೆನ್ಸ್ ಇದ್ದರೂ ಹಿಡಿಗೆ ಅರಣ್ಯ ಇಲಾಖೆಯ ಕೇಸು ಬೀಳಬಹುದು.

ಬೆಲೆ ಹೇಳುವ ಹೊತ್ತು

ಅಮೆರಿಕದ ಬೆಲೆಪಟ್ಟಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ನೂರಿನ್ನೂರು ಡಾಲರಿಗೆ ಸಿಗುವ ಹಳೇ ರಿವಾಲ್ವರ್ ಇಲ್ಲಿ ಲಕ್ಷ ದಾಟುತ್ತದೆ. 1980ರ ದಶಕದ ಮಧ್ಯದಿಂದ ಖಾಸಗಿಯವರು ಹೊರದೇಶದಿಂದ ಕೋವಿ ತರಿಸುವುದು ಹೆಚ್ಚುಕಮ್ಮಿ ನಿಂತಿದೆ. ಆಗ ದೇಶದೊಳಗೆ ಇದ್ದದ್ದೇ ಕೈಯಿಂದ ಕೈಗೆ ತಿರುಗುತ್ತಿದೆ. ಹಾಗಾಗಿ ಇಲ್ಲಿ ನೀವು ಕೊಡುವ ದುಡ್ಡಿನ ಬಹುಪಾಲು ಅಭಾವಕ್ಕೆ, ಗುಣಕ್ಕಲ್ಲ.

ದೇಶೀ ರಿವಾಲ್ವರಿಗೆ ಲೆಕ್ಕ ಸುಲಭ. ಅದೇ ಮಾಡೆಲ್ ಅಥವಾ ಅದಕ್ಕೆ ಸಮನಾದದ್ದು ಇವತ್ತು ಹೊಸದಾಗಿ ತೆರಿಗೆ ಸೇರಿ ಎಷ್ಟು ಅಂತ ಕೇಳಿ. ಅದೇ ಮೇಲ್ಮಿತಿ. ಕಾನ್ಪುರದ 500 ಗ್ರಾಂ ತೂಕದ 'ನಿರ್ಭೀಕ್' 2014ರಲ್ಲಿ ಬಂದಾಗ ಸುಮಾರು 1 ಲಕ್ಷ 22 ಸಾವಿರ ಇತ್ತು. 2023ರಲ್ಲಿ ಸಿಲಿಂಡರ್ ಪಕ್ಕಕ್ಕೆ ತೆರೆಯುವ 'ಪ್ರಬಲ್' ಬಂತು. ಹೀಗೆ ಹೊಸದು ಬಂದಾಗಲೆಲ್ಲ ಹಳೇ ಮಾಡೆಲಿನವರು ಮಾರಲು ಹೊರಡುತ್ತಾರೆ. ಆಗ ಚೌಕಾಸಿ ಮಾಡಿ.

ಇಂಪೋರ್ಟೆಡ್‌ಗೆ ಮೇಲ್ಮಿತಿ ಇಲ್ಲ. ಕನಿಷ್ಠ ಮೂರು ಕಡೆ ವಿಚಾರಿಸಿ, ಚೊಕ್ಕಟವಾಗಿರುವ ಒಂದಕ್ಕೆ ಎಷ್ಟು ಹೇಳುತ್ತಾರೆ ಅಂತ ತಿಳಿದುಕೊಳ್ಳಿ. ಅಲ್ಲಿಂದ ಕಳೆಯುತ್ತಾ ಬನ್ನಿ. ನನ್ನ ಲೆಕ್ಕ ಹೀಗೆ: ಮರುಬಣ್ಣಕ್ಕೆ ಕಾಲು ಭಾಗ ಕಡಿತ. ಸಿಲಿಂಡರಿನ ನಂಬರ್ ಬೇರೆ ಆಗಿದ್ದರೆ ಇನ್ನೊಂದು ಕಾಲು. ಹಿಡಿ ಬದಲಾಗಿದ್ದರೆ ಸ್ವಲ್ಪ. ನಳಿಗೆಯಲ್ಲಿ ಗುಳಿ ಇದ್ದರೆ ಅರ್ಧಕ್ಕೆ ಇಳಿಸುತ್ತೇನೆ. ಸಿಲಿಂಡರ್ ತಡವಾಗಿ ಕೂರುವುದಾದರೆ ಮೊದಲು ರಿಪೇರಿ ಮಾಡಿಸಿ ತನ್ನಿ ಅನ್ನುತ್ತೇನೆ, ಯಾಕಂದ್ರೆ ಹಳೇ ಕೋಲ್ಟ್, ವೆಬ್ಲಿಗಳ ಬಿಡಿಭಾಗ ನಮ್ಮಲ್ಲಿ ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಬಲ್ಲ ರಿಪೇರಿಯವರು ಅದಕ್ಕಿಂತ ಕಡಿಮೆ. ಉಬ್ಬಿದ ನಳಿಗೆ, ಜಾರುವ ಕುದುರೆಗೆ ಬೆಲೆಯನ್ನೇ ಹೇಳುವುದಿಲ್ಲ.

ಭಾವನವರು ಕೊನೆಗೆ ಕೊಂಡದ್ದು ಕಾನ್ಪುರದ್ದೇ. ಹತ್ತು ವರ್ಷ ಹಳೆಯದು. ನಳಿಗೆಯ ತುದಿ ಬಿಳಚಿಕೊಂಡಿದೆ, ಹಿಡಿಯಲ್ಲಿ ಒಂದು ಗೀರು. ಆರೂ ಕೋಣೆ ಸರಿಯಾಗಿ ಕೂರುತ್ತವೆ, ಸಂದು 0.15. ಅಕ್ಕ ನೋಡಿ, "ಇಷ್ಟು ದುಡ್ಡು ಕೊಟ್ಟು ಹಳೇ ಕಬ್ಬಿಣ ತಂದ್ರಾ?" ಅಂದಳು.

ದುಡ್ಡು ಕೊಡುವ ಮುಂಚೆ

ಇಬ್ಬರು ಲೈಸೆನ್ಸುದಾರರ ನಡುವೆ ನೇರ ವ್ಯಾಪಾರ ಆಗುವುದಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿ 45 ದಿನ ಕಳೆಯುವ ತನಕ ಕೈ ಬದಲಾಗುವಂತಿಲ್ಲ. ಡೀಲರ್ ಮೂಲಕ ಹೋದರೆ ಓಡಾಟ ಕಮ್ಮಿ, ಆದರೆ ಅವರ ಪಾಲು ಬೆಲೆಗೆ ಸೇರುತ್ತದೆ. ನಾನಾದರೆ ಆ ದುಡ್ಡು ಕೊಟ್ಟು ಡೀಲರ್ ಮೂಲಕವೇ ಹೋಗುತ್ತೇನೆ.

ಬೆಂಗಳೂರಿನಲ್ಲಿ ಲೈಸೆನ್ಸ್ ವಿಚಾರ ಪೊಲೀಸ್ ಕಮಿಷನರ್ ಕಚೇರಿಯದು, ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ ಕಚೇರಿಯದು. ಮಾರುವವರು ಬೇರೆ ಜಿಲ್ಲೆಯವರಾದರೆ ಎರಡೂ ಕಡೆ ಏನೇನು ಕಾಗದ ಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮುಂಗಡ ಕೊಡುವುದಾದರೆ ಬ್ಯಾಂಕ್ ಮೂಲಕ ಕೊಡಿ. ರಸೀದಿಯಲ್ಲಿ ತಯಾರಕರ ಹೆಸರು, ಅಳತೆ, ಪೂರ್ತಿ ನಂಬರ್ ಇರಲಿ. 'ರಿವಾಲ್ವರ್ ಒಂದು' ಅಂತ ಬರೆದ ಚೀಟಿ ಸಾಲದು. ಮಾರುವವರ ಪುಸ್ತಕದಿಂದ ತೆಗೆದುಹಾಕಿದ ನಮೂದು, ನಿಮ್ಮ ಪುಸ್ತಕಕ್ಕೆ ಸೇರಿಸಿದ ನಮೂದು, ಎರಡನ್ನೂ ನೋಡಿದ ಮೇಲೆ ಉಳಿದ ದುಡ್ಡು ಕೊಡಿ. ಕೈಗೆ ಕೊಡುವ ದಿನ ನಂಬರನ್ನು ಇನ್ನೊಮ್ಮೆ ಓದಿ, ಸಿಲಿಂಡರಿನದ್ದು ಕೂಡ. ನೀವು ನೋಡಿ ಒಪ್ಪಿದ ದಿನಕ್ಕೂ ಮನೆಗೆ ತರುವ ದಿನಕ್ಕೂ ನಡುವೆ ಒಂದೂವರೆ ತಿಂಗಳು ಕಳೆದಿರಬಹುದು.